ಹತ್ತು ಗುಂಟೆಯ ಇದ್ದಿಲು



ಸಖರಾಯಪಟ್ಟಣದ ಅಯ್ಯನಕೆರೆಗೆ ಹೋದವರು ಸಾಮಾನ್ಯವಾಗಿ ಏರಿಯ ಮೇಲೆ ನಿಂತು ಶಕುನಗಿರಿಯ ಕಡೆ ಮುಖ ಮಾಡುತ್ತಾರೆ. ಬಾಬಾಬುಡನ್‌ಗಿರಿ ಸಾಲಿನ ಮೂಡಣ ತಪ್ಪಲಲ್ಲಿ ಹರವಿಕೊಂಡ ನೀರು, ಅದರ ಆಚೆ ಚೂಪಾಗಿ ಎದ್ದ ಬೆಟ್ಟ. ನೋಡತಕ್ಕ ನೋಟವೇ ಸರಿ. ಆದರೆ ಕೆರೆಯ ಕಸುಬು ನಡೆಯುತ್ತಿರುವುದು ಅವರ ಬೆನ್ನ ಹಿಂದೆ. ತೂಬಿನಿಂದ ಹೊರಟ ನೀರು ದೊಡ್ಡ ಕಾಲುವೆಗೆ ಬೀಳುತ್ತದೆ, ಅಲ್ಲಿಂದ ಕವಲುಗಾಲುವೆಗೆ, ಅಲ್ಲಿಂದ ಬದುವಿನ ಪಕ್ಕದ ಗೇಣಗಲದ ತೋಡಿಗೆ, ಕೊನೆಗೆ ಗದ್ದೆಯ ಮಡೆಗೆ. ಮಡೆ ದಾಟಿದ ಮೇಲೆ ಕಾಲುವೆ ಇಲ್ಲ. ಅಲ್ಲಿಂದಾಚೆ ನೀರು ತಾನೇ ಮೆಲ್ಲಗೆ ಮಣ್ಣಿನಲ್ಲಿ ಹರಡಿಕೊಂಡು ಬೇರನ್ನು ಮುಟ್ಟಬೇಕು.

ಕೆರೆಯಲ್ಲಿ ನೀರೆಷ್ಟು ಎಂಬುದು ಒಂದು ಮಾತು. ಅದು ಅಚ್ಚುಕಟ್ಟಿನ ಕೊನೆಯ ಗದ್ದೆಗೆ ಮುಟ್ಟುತ್ತದೆಯೇ ಎಂಬುದು ಬೇರೆಯೇ ಮಾತು. ಈ ಎರಡನೆಯದನ್ನು ನೋಡಿಕೊಳ್ಳುವುದಕ್ಕೆಂದೇ ನಮ್ಮ ಹಿಂದಿನವರು ನೀರುಗಂಟಿಯನ್ನು ನೇಮಿಸುತ್ತಿದ್ದರು. ಅಯ್ಯನಕೆರೆಯ ಐತಿಹ್ಯದಲ್ಲೂ ಒಬ್ಬ ನೀರುಗಂಟಿ ಇದ್ದಾನೆ, ಹೊನ್ನಬಿಲ್ಲ ಅಂತ. ಕೆರೆ ಒಡೆದು ಹೋಗುತ್ತೇನೆ ಎಂದ ಗಂಗೆಯನ್ನು, ನಾನು ಊರಿಗೆ ಸುದ್ದಿ ಮುಟ್ಟಿಸಿ ಬರುವವರೆಗೆ ತಡಿ ತಾಯಿ ಎಂದು ಬೇಡಿಕೊಂಡನಂತೆ. ಸುದ್ದಿ ಕೇಳಿದ ದೊರೆ, ಇವನು ಹಿಂದಿರುಗಿದರೆ ತಾನೇ ಕೆರೆ ಒಡೆಯುವುದು ಎಂದುಕೊಂಡು ಅವನನ್ನು ಕೊಲ್ಲಿಸಿದನಂತೆ. ಕೆರೆ ಉಳಿಯಿತು. ಕಥೆ ನಿಜವೋ ಸುಳ್ಳೋ, ನೀರು ಹಂಚುವವನ ಹೆಸರನ್ನು ದೊರೆಯ ಹೆಸರಿಗೆ ಸಮನಾಗಿ ನೆನಪಿಟ್ಟುಕೊಂಡ ಊರು ಅದು. ನನಗೆ ಆ ಊರಿನ ಮೇಲೆ ಮರ್ಯಾದೆ ಇರುವುದಕ್ಕೆ ಅದೂ ಒಂದು ಕಾರಣ.

ಇವತ್ತು ನಾನು ಹೇಳಹೊರಟಿರುವುದು ಕಣ್ಣಿಗೆ ಕಾಣದ ಕಾಲುವೆಗಳ ವಿಷಯ. ರಾಸಾಯನಿಕ ಕಾರ್ಖಾನೆಗಳಲ್ಲಿ, ತೈಲ ಸಂಸ್ಕರಣಾಗಾರಗಳಲ್ಲಿ, ಹಳ್ಳಿಯ ಕುಡಿಯುವ ನೀರಿನ ಘಟಕದಲ್ಲಿ ಸಹ, ಕೆಲಸ ಮಾಡುತ್ತಿರುವುದು ಒಳಗೆಲ್ಲ ಸೂಕ್ಷ್ಮ ರಂಧ್ರಗಳಿರುವ ಪದಾರ್ಥಗಳು. ಸರಂಧ್ರ ವಸ್ತುಗಳು ಅನ್ನುತ್ತೇವೆ. ಇವುಗಳನ್ನು ಹೇಗೆ ಮಾಡಬೇಕು ಎಂದು ಎಂಜಿನಿಯರುಗಳು ಈಗ ಎಲೆಯನ್ನು, ಶ್ವಾಸಕೋಶವನ್ನು, ಕೆರೆಯ ಪಾಚಿಯನ್ನು ನೋಡಿ ಕಲಿಯುತ್ತಿದ್ದಾರೆ.

ಮೊದಲು ನಮ್ಮ ಕಡೂರು ಸೀಮೆಯ ಪದಾರ್ಥವನ್ನೇ ತೆಗೆದುಕೊಳ್ಳೋಣ: ಕರಟ. ಉಂಡೆ ಕೊಬ್ಬರಿ ಮಾಡುವವರ ಮನೆಯಲ್ಲಿ ಕಾಯಿ ಹೆಚ್ಚುಕಡಿಮೆ ವರ್ಷವೆಲ್ಲ ಅಟ್ಟದಲ್ಲಿರುತ್ತದೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಅನ್ನುವಾಗ ಇಳಿಸಿ ಸುಲಿಯುತ್ತಾರೆ. ಕರಟ ಒಡೆದು ಉಂಡೆ ಹೊರತೆಗೆದಾಗ ಅದರ ಕಂದು ಸಿಪ್ಪೆಯನ್ನು ಬೆಳಕಿಗೆ ಹಿಡಿದು ನೋಡಿ. ಕವಲು ಕವಲಾಗಿ ಒಡೆದ ಸಣ್ಣ ಗೆರೆಗಳು ಉಂಡೆಯ ಮೈಯನ್ನೆಲ್ಲ ಸುತ್ತಿರುತ್ತವೆ. ಕಾಯಿ ಮರದಲ್ಲಿದ್ದಾಗ ತಿರುಳಿಗೆ ಊಟ ತಂದುಕೊಟ್ಟ ನಾಳಗಳ ಗುರುತು ಅದು. ಕರಟದ ಒಳಗೂ ಅಂಥ ನಾಳಗಳ ಜಾಡು ಇದೆ, ಕಾಣಲು ಸೂಕ್ಷ್ಮದರ್ಶಕ ಬೇಕು.

ಈ ಕರಟದಲ್ಲಿ ಒಂದು ಪಾಲು ಹಂಡೆ ಒಲೆಗೆ ಹೋಗುತ್ತದೆ, ಇನ್ನೊಂದು ಪಾಲು ಇದ್ದಿಲು ಸುಡುವವರ ಕೈ ಸೇರುತ್ತದೆ. ಗುಂಡಿಯಲ್ಲೋ ಡ್ರಮ್ಮಿನಲ್ಲೋ ಗಾಳಿ ಹೆಚ್ಚು ಆಡದಂತೆ ಮುಚ್ಚಿ ಸುಟ್ಟರೆ ಹತ್ತು ಕಿಲೋ ಕರಟಕ್ಕೆ ಸುಮಾರು ಮೂರು ಕಿಲೋ ಇದ್ದಿಲು. ಆ ಹೊಗೆಯ ಪಕ್ಕದಲ್ಲಿ ಮನೆ ಇದ್ದವರ ಕಷ್ಟ ಬೇರೆ. ಅದನ್ನು ಹೇಳಲು ಹೊರಟರೆ ಇನ್ನೊಂದು ಭಾಷಣವೇ ಬೇಕು. ಈ ಇದ್ದಿಲನ್ನು ಕಾರ್ಖಾನೆಯಲ್ಲಿ 800ರಿಂದ 1000 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ನೀರಾವಿಯ ಜೊತೆ ಮತ್ತೆ ಕಾಯಿಸುತ್ತಾರೆ. ನೀರಾವಿ ಇಂಗಾಲವನ್ನು ಕೊಂಚ ಕೊಂಚವೇ ತಿಂದುಹಾಕಿ, ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಆಗಿ ಹೊರಬೀಳುತ್ತದೆ. ತಿಂದ ಜಾಗವೆಲ್ಲ ರಂಧ್ರ. ಹೀಗೆ ತಯಾರಾದದ್ದೇ ಆಕ್ಟಿವೇಟೆಡ್ ಕಾರ್ಬನ್.

ಇದರ ಒಂದು ಗ್ರಾಂ, ಅಂದರೆ ಚಿಟಿಕೆಯಲ್ಲಿ ಹಿಡಿಯುವಷ್ಟು ಪುಡಿ ತೆಗೆದುಕೊಳ್ಳಿ. ಅದರ ಒಳಗಿನ ಗೋಡೆಗಳನ್ನೆಲ್ಲ ಬಿಡಿಸಿ ನೆಲದ ಮೇಲೆ ಹಾಸಿದರೆ ಸುಮಾರು 1000 ಚದರ ಮೀಟರ್ ಆಗುತ್ತದೆ. ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ. ನಾಲ್ಕು ಗ್ರಾಮಿಗೆ ಒಂದು ಎಕರೆ! ಪಹಣಿ ಮಾಡಿಸುವ ಹಾಗಿದ್ದರೆ ನಮ್ಮವರು ಬಿಡುತ್ತಿರಲಿಲ್ಲ.

ಈ ಗೋಡೆಗಳಿಗೆ ಅನಿಲದ, ಬಣ್ಣದ, ವಾಸನೆಯ ಕಣಗಳು ಬಂದು ಅಂಟಿಕೊಳ್ಳುತ್ತವೆ. ಮೊದಲನೆಯ ಮಹಾಯುದ್ಧದಲ್ಲಿ ವಿಷಾನಿಲದ ಪ್ರಯೋಗವಾದಾಗ ರಷ್ಯಾದ ನಿಕೊಲಾಯ್ ಝೆಲಿನ್‌ಸ್ಕಿ 1915ರಲ್ಲಿ ಇದ್ದಿಲು ತುಂಬಿದ ಮುಖವಾಡ ಮಾಡಿದರು. 1918ರಲ್ಲಿ ಅಮೆರಿಕದ ಸರ್ಕಾರ ಹಣ್ಣಿನ ಓಟೆ, ಕಾಯಿ ಚಿಪ್ಪು ಎಸೆಯದೆ ಕೂಡಿಟ್ಟು ಕೊಡಿ ಎಂದು ಜನರಲ್ಲಿ ಕೇಳಿಕೊಂಡಿತು. ಆಗ ಪರೀಕ್ಷೆ ಮಾಡಿದ ಪದಾರ್ಥಗಳಲ್ಲಿ ಎದ್ದು ನಿಂತದ್ದು ತೆಂಗಿನ ಕರಟ. ಕಾರಣವಿಷ್ಟೆ: ಕರಟ ಬಲು ಗಟ್ಟಿ, ಅದರ ರಂಧ್ರಗಳಲ್ಲಿ ಬಹುಪಾಲು ಎರಡು ನ್ಯಾನೋಮೀಟರಿಗಿಂತ ಕಿರಿದು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. ಅಂಥ ಇಕ್ಕಟ್ಟಿನಲ್ಲಿ ಸಿಕ್ಕ ಅನಿಲದ ಕಣವನ್ನು ಎರಡೂ ಕಡೆಯ ಗೋಡೆಗಳು ಎಳೆದು ಹಿಡಿಯುತ್ತವೆ. ಸೌದೆಯ ಇದ್ದಿಲಿನಲ್ಲಿ ರಂಧ್ರ ದೊಡ್ಡದು, ಹಾಗಾಗಿ ಅದು ಸಕ್ಕರೆ ಪಾಕದ ಬಣ್ಣ ತೆಗೆಯುವಂಥ ಕೆಲಸಕ್ಕೆ ಒದಗುತ್ತದೆ. ಬಣ್ಣದ ಕಣಗಳ ಗಾತ್ರ ದೊಡ್ಡದು ನೋಡಿ.

ಹತ್ತು ಗುಂಟೆಗೆ ಮನುಷ್ಯನ ಆಸೆ ನಿಲ್ಲಲಿಲ್ಲ. 2025ರ ರಸಾಯನವಿಜ್ಞಾನದ ನೊಬೆಲ್ ಬಹುಮಾನ ಪಡೆದ ಸುಸುಮು ಕಿತಾಗಾವಾ, ರಿಚರ್ಡ್ ರಾಬ್ಸನ್, ಒಮರ್ ಯಾಘಿ, ಈ ಮೂವರು ಲೋಹದ ಅಯಾನುಗಳನ್ನು ಮೂಲೆಗಂಬವಾಗಿಟ್ಟು, ಇಂಗಾಲದ ಅಣುಗಳನ್ನು ತೊಲೆಯಾಗಿ ಜೋಡಿಸಿ ಕಟ್ಟುವ ಹರಳುಗಳ ಹಾದಿ ತೆರೆದವರು. ಮೆಟಲ್ ಆರ್ಗ್ಯಾನಿಕ್ ಫ್ರೇಮ್‌ವರ್ಕ್, ಚಿಕ್ಕದಾಗಿ ಮಾಫ್ ಅನ್ನುತ್ತಾರೆ. ಇವುಗಳಲ್ಲಿ ಕೆಲವಕ್ಕೆ ಗ್ರಾಮಿಗೆ 7000 ಚದರ ಮೀಟರ್ ಮೈ ಇದೆ. ಒಂದು ಎಕರೆ ಮೂವತ್ತು ಗುಂಟೆ, ಒಂದು ಚಿಟಿಕೆಯಲ್ಲಿ! ಬೆಂಗಳೂರಿನ ಜಕ್ಕೂರಿನಲ್ಲಿ 1989ರಲ್ಲಿ ಸ್ಥಾಪನೆಯಾದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ. ಎನ್. ಆರ್. ರಾವ್ ಮತ್ತು ಅವರ ಸಂಗಡಿಗರು ಇಂಥ ತೆರೆದ ಚೌಕಟ್ಟುಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಅಲ್ಲೇ ತಪಸ್ ಮಾಜಿ ಅವರ ತಂಡವೂ ಮಾಫ್‌ಗಳ ಮೇಲೆ ದುಡಿಯುತ್ತಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್. ನಟರಾಜನ್ ಅವರದೂ ಇದೇ ಕ್ಷೇತ್ರ. ನಮ್ಮ ನಾಡಿಗೆ ಇದೇನೂ ಹೊಸ ಮಾತಲ್ಲ.

ಸರಿ, ಎಕರೆಗಟ್ಟಲೆ ನೆಲ ಸಿಕ್ಕಿತು. ಕಾಲುವೆ?

ಇಲ್ಲೇ ತೊಡಕು ಇರುವುದು. ನಿಂತ ದ್ರವದಲ್ಲಿ ಒಂದು ಕಣ ತನ್ನಷ್ಟಕ್ಕೆ ತಾನು ಅಲೆದಾಡುತ್ತಾ ಜಾಗ ಬದಲಿಸುವುದನ್ನು ವಿಸರಣೆ ಎನ್ನುತ್ತೇವೆ. ಇದರ ನಿಯಮ ಸ್ವಲ್ಪ ಕ್ರೂರ. ದೂರ ಎರಡರಷ್ಟಾದರೆ ಹೊತ್ತು ನಾಲ್ಕರಷ್ಟು, ದೂರ ಹತ್ತರಷ್ಟಾದರೆ ಹೊತ್ತು ನೂರರಷ್ಟು. ನೀರಿನಲ್ಲಿ ನೀರಿನ ಕಣವೇ ಹೀಗೆ ಅಲೆಯುತ್ತಾ ಕೂದಲಿನ ದಪ್ಪದಷ್ಟು, ಅಂದರೆ ಮಿಲಿಮೀಟರಿನ ಹತ್ತನೇ ಒಂದು ಪಾಲು ಹೋಗಲು ಎರಡೂವರೆ ಸೆಕೆಂಡು ಬೇಕು. ಒಂದು ಸೆಂಟಿಮೀಟರ್ ಹೋಗಲು? ಸುಮಾರು ಏಳು ಗಂಟೆ! ಅದೂ ಬಯಲಿನಲ್ಲಿ. ನ್ಯಾನೋಮೀಟರ್ ಅಗಲದ ಓಣಿಯಲ್ಲಿ ಗೋಡೆಗೆ ತಾಗಿ ತಾಗಿ ಹೋಗಬೇಕಾದಾಗ ಸಾವಿರಾರು ಪಟ್ಟು ನಿಧಾನ.

1939ರಲ್ಲಿ ಅಮೆರಿಕದ ಅರ್ನೆಸ್ಟ್ ತೀಲ್ ಎಂಬ ಎಂಜಿನಿಯರು ಇದನ್ನು ಲೆಕ್ಕಕ್ಕೆ ಇಳಿಸಿದರು. ಅದೇ ವರ್ಷ ರಷ್ಯಾದ ಝೆಲ್ಡೊವಿಚ್ ಕೂಡ ಬೇರೆಯಾಗಿ ಅದೇ ತೀರ್ಮಾನಕ್ಕೆ ಬಂದರು. ವೇಗವರ್ಧಕದ, ಅಂದರೆ ಕೆಟಲಿಸ್ಟಿನ, ಒಂದು ಗುಳಿಗೆ ಇದೆ ಎನ್ನಿ. ಅದರೊಳಗೆ ನಡೆಯುವ ರಾಸಾಯನಿಕ ಕ್ರಿಯೆ ಬಿರುಸಾಗಿದ್ದರೆ, ಬಂದ ಕಚ್ಚಾ ಕಣಗಳೆಲ್ಲ ಅಂಚಿನಲ್ಲೇ ಖರ್ಚಾಗಿ ಹೋಗುತ್ತವೆ. ಗುಳಿಗೆಯ ನಡುವಿನ ಭಾಗಕ್ಕೆ ಏನೂ ಮುಟ್ಟುವುದಿಲ್ಲ. ಕಾಲುವೆಯ ಕೊನೆಯ ಭಾಗದ ರೈತರು ಈ ಸಂಕಟವನ್ನು ತೀಲ್ ಅವರಿಗಿಂತ ಚೆನ್ನಾಗಿ ವಿವರಿಸುತ್ತಾರೆ. ನೆಲ ಇದೆ, ಕಂದಾಯ ಕಟ್ಟುತ್ತೇವೆ, ನೀರು ಮಾತ್ರ ಮೇಲಿನವರಲ್ಲೇ ಮುಗಿಯಿತು. ವೇಗವರ್ಧಕದಲ್ಲಿ ಎಷ್ಟೋ ಸಲ ಈ ನೀರು ಕಾಣದ ನೆಲ ಪ್ಲಾಟಿನಂನಂಥ ದುಬಾರಿ ಲೋಹದ್ದಾಗಿರುತ್ತದೆ.

ಮಂಗಳೂರಿನ ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್‌ನಲ್ಲಿರುವಂಥ ಕ್ರ್ಯಾಕಿಂಗ್ ಘಟಕದಲ್ಲಿ ಭಾರವಾದ ಎಣ್ಣೆಯನ್ನು ಒಡೆದು ಹಗುರವಾದ ಇಂಧನ ಮಾಡುತ್ತಾರೆ. ಅಲ್ಲಿ ಎಣ್ಣೆಯ ಆವಿ ವೇಗವರ್ಧಕದ ನಯವಾದ ಪುಡಿಯ ಜೊತೆ ಕೂಡಿರುವುದು ಕೆಲವೇ ಸೆಕೆಂಡು. ಪುಡಿಯ ಒಳಗಿರುವ ಜಿಯೋಲೈಟ್ ಎಂಬ ಸರಂಧ್ರ ಹರಳಿನ ಕಿಟಕಿ ಮುಕ್ಕಾಲು ನ್ಯಾನೋಮೀಟರಿಗೂ ಕಡಿಮೆ. ಭಾರದ ಎಣ್ಣೆಯ ಕಣ ಅದರಲ್ಲಿ ತೂರುವುದೇ ಇಲ್ಲ. ಆದ್ದರಿಂದ ಹರಳಿನ ಸುತ್ತ ಅಗಲ ರಂಧ್ರಗಳ ಅಲ್ಯೂಮಿನಾ ತುಂಬಿರುತ್ತಾರೆ. ದೊಡ್ಡ ಕಣ ಮೊದಲು ಅಲ್ಲಿ ಒಡೆಯುತ್ತದೆ, ಚೂರಾದದ್ದು ಹರಳಿನೊಳಕ್ಕೆ ಹೋಗುತ್ತದೆ. 2009ರಲ್ಲಿ ಕೊರಿಯಾದ ರ್ಯೋಂಗ್ ರ್ಯೂ ಅವರ ತಂಡ ಜಿಯೋಲೈಟನ್ನೇ ಎರಡು ನ್ಯಾನೋಮೀಟರ್ ದಪ್ಪದ ಹಾಳೆಗಳಾಗಿ ಬೆಳೆಸಿ ತೋರಿಸಿತು. ಗದ್ದೆಯೇ ಅಷ್ಟು ತೆಳುವಾದರೆ ಯಾವ ಮೂಲೆಯೂ ಕಾಲುವೆಗೆ ದೂರವಿಲ್ಲ. ಆ ಹಾಳೆಗಳಲ್ಲಿ ಮಸಿ ಕಟ್ಟಿ ಕೆಡುವುದೂ ನಿಧಾನವಾಯಿತು.

ಈಗ ಪ್ರಕೃತಿಯ ಕಡೆ ಬರೋಣ. ನಮ್ಮ ಶ್ವಾಸಕೋಶದ ಒಳಮೈ ಎಷ್ಟಿರಬಹುದು? ಮೂವತ್ತು ಕೋಟಿಗೂ ಮಿಕ್ಕ ಗಾಳಿಚೀಲಗಳನ್ನು ಬಿಡಿಸಿ ಹಾಸಿದರೂ ಸುಮಾರು 70 ಚದರ ಮೀಟರ್. ಮುಕ್ಕಾಲು ಗುಂಟೆ! ಕರಟದ ಇದ್ದಿಲಿನ ಒಂದು ಗ್ರಾಮಿಗೆ ಹತ್ತು ಗುಂಟೆ ಇರುವಾಗ, ಹೆಚ್ಚುಕಡಿಮೆ ಒಂದು ಕಿಲೋ ತೂಗುವ ಶ್ವಾಸಕೋಶಕ್ಕೆ ಮುಕ್ಕಾಲೇ ಗುಂಟೆ. ಲೆಕ್ಕದಲ್ಲಿ ಇಷ್ಟು ಬಡವನಾದ ಅಂಗ ಅಡಿಕೆ ಮರ ಹತ್ತುವವನನ್ನೂ ಅಯ್ಯನಕೆರೆಯ ಏರಿಯ ಮೇಲೆ ಓಡುವವನನ್ನೂ ಬದುಕಿಸಿಕೊಂಡು ಬರುತ್ತಿದೆ. ಏಕೆಂದರೆ ಆ ಮುಕ್ಕಾಲು ಗುಂಟೆಯಲ್ಲಿ ಗಾಳಿ ಮುಟ್ಟದ ಅಂಗುಲ ಜಾಗವಿಲ್ಲ. ನಮ್ಮ ಸಂಶೋಧನಾ ಪ್ರಬಂಧಗಳಲ್ಲಿ ಮೈಯಳತೆಯ ದಾಖಲೆ ಮುರಿಯುವ ಪೈಪೋಟಿಯನ್ನು ನೋಡುವಾಗಲೆಲ್ಲ ನನಗೆ ಈ ಮುಕ್ಕಾಲು ಗುಂಟೆ ನೆನಪಿಗೆ ಬರುತ್ತದೆ.

ಹೇಗೆ ಮುಟ್ಟಿಸುತ್ತದೆ? ಸುಮಾರು ಹದಿನೆಂಟು ಮಿಲಿಮೀಟರ್ ಅಗಲದ ಗಂಟಲ ಕೊಳವೆ ಎರಡಾಗುತ್ತದೆ, ಅದರಲ್ಲಿ ಒಂದೊಂದೂ ಮತ್ತೆ ಎರಡು, ಹೀಗೆ ಸುಮಾರು 23 ಸಲ. 1926ರಲ್ಲಿ ಸೆಸಿಲ್ ಮರ್ರೇ ಎಂಬ ಶರೀರವಿಜ್ಞಾನಿ ರಕ್ತನಾಳಗಳಿಗಾಗಿ ಒಂದು ಸೂತ್ರ ಕೊಟ್ಟರು: ತಾಯಿನಾಳದ ತ್ರಿಜ್ಯದ ಘನ, ಮಕ್ಕಳ ತ್ರಿಜ್ಯಗಳ ಘನಗಳ ಮೊತ್ತಕ್ಕೆ ಸಮ. ಹತ್ತು ಮಿಲಿಮೀಟರಿನ ನಾಳ ಎರಡಾದರೆ ಒಂದೊಂದು ಸುಮಾರು ಎಂಟು ಮಿಲಿಮೀಟರ್. ನಾಳ ಕಟ್ಟಿ ಸಾಕುವ ಖರ್ಚು ಮತ್ತು ತಳ್ಳುವ ಶ್ರಮ ಎರಡನ್ನೂ ಕೂಡಿಸಿದಾಗ ಅತಿ ಕಡಿಮೆ ಬೀಳುವ ಅಳತೆ ಅದು. ಹೀಗೆ ಕವಲೊಡೆದಾಗ ಒಟ್ಟು ಅಗಲ ಹೆಚ್ಚುತ್ತಾ ಹೋಗುತ್ತದೆ, ಹರಿವು ನಿಧಾನವಾಗುತ್ತದೆ. ಹದಿನಾರನೇ ಕವಲಿನ ಹೊತ್ತಿಗೆ ಕೊಳವೆ ಅರ್ಧ ಮಿಲಿಮೀಟರ್, ಗಾಳಿಯ ಓಟ ಎಷ್ಟು ಮೆಲ್ಲಗಾಗಿರುತ್ತದೆಂದರೆ ಅಲ್ಲಿಂದಾಚೆ ವಿಸರಣೆಯೇ ಕೆಲಸ ಮುಂದುವರಿಸುತ್ತದೆ. ಮಡೆ ದಾಟಿದ ನೀರಿನ ಸ್ಥಿತಿ. ಅಲ್ಲಿಂದ ಮುಂದಕ್ಕೆ ಕವಲು ಒಡೆಯುವುದು ನಿಲ್ಲುವುದಿಲ್ಲ, ಆದರೆ ಕೊಳವೆ ಮೊದಲಿನ ಹಾಗೆ ಕಿರಿದಾಗುವುದನ್ನು ಬಿಡುತ್ತದೆ. ಈ ಸಣ್ಣ ಸಂಗತಿಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎಲೆಯಲ್ಲೂ ಇದೇ ಸೂತ್ರ ಬಹುಮಟ್ಟಿಗೆ ನಡೆಯುತ್ತದೆ. ಅರಳಿ ಎಲೆಯನ್ನು ಕೆಲವು ವಾರ ನೀರಿನಲ್ಲಿ ನೆನೆಹಾಕಿ, ಕೊಳೆತ ಹಸಿರನ್ನು ಮೆತ್ತಗೆ ಉಜ್ಜಿ ತೆಗೆದು, ಉಳಿದ ಬಲೆಯನ್ನು ಪುಸ್ತಕದಲ್ಲಿ ಇಟ್ಟುಕೊಂಡವರು ನಿಮ್ಮಲ್ಲಿ ಬೇಕಾದಷ್ಟು ಜನ ಇದ್ದೀರಿ. ಅದನ್ನು ದೀಪಕ್ಕೆ ಹಿಡಿದರೆ ನಡುದಿಂಡು, ಅದರಿಂದ ಪಕ್ಕಕ್ಕೆ ಹೊರಟ ನರಗಳು, ಅವುಗಳ ನಡುವೆ ಒಂದಕ್ಕೊಂದು ಗಂಟು ಹಾಕಿಕೊಂಡ ಸಣ್ಣ ಸಣ್ಣ ಕಣ್ಣುಗಳು ಕಾಣುತ್ತವೆ. ಶ್ವಾಸಕೋಶದ ಕವಲು ಮತ್ತೆ ಕೂಡುವುದಿಲ್ಲ. ಎಲೆಯ ನರ ಕೂಡುತ್ತದೆ. 2010ರಲ್ಲಿ ಎಲೆನಿ ಕಟಿಫೋರಿ ಮತ್ತು ಸಂಗಡಿಗರು ಲೆಕ್ಕ ಹಾಕಿ ತೋರಿಸಿದರು: ಹುಳು ಒಂದು ನರವನ್ನು ಕಡಿದರೂ ನೀರು ಇನ್ನೊಂದು ದಾರಿಯಿಂದ ಬಳಸಿ ಬರಲಿ ಎಂದೇ ಈ ಗಂಟುಗಳು. ಕಾರ್ಖಾನೆಯ ವೇಗವರ್ಧಕದಲ್ಲೂ ಮಸಿ ಕಟ್ಟಿ ದಾರಿ ಮುಚ್ಚುತ್ತದೆ. ಹಾಗಾಗಿ ಅಲ್ಲಿ ಶ್ವಾಸಕೋಶಕ್ಕಿಂತ ಎಲೆಯೇ ಒಳ್ಳೆಯ ಮೇಷ್ಟ್ರು ಎಂದು ನನ್ನ ಎಣಿಕೆ.

2017ರಲ್ಲಿ ಬಾವ್-ಲಿಯಾನ್ ಸೂ ಅವರ ತಂಡ ಮರ್ರೇ ಸೂತ್ರವನ್ನೇ ಹಿಡಿದು ಸತುವಿನ ಆಕ್ಸೈಡಿನಲ್ಲಿ ದೊಡ್ಡ, ನಡು, ಸಣ್ಣ ಮೂರು ದರ್ಜೆಯ ರಂಧ್ರಗಳನ್ನು ಅಳತೆಗೆ ಕೂಡಿಸಿತು. ಅವಕ್ಕೆ ಮರ್ರೇ ವಸ್ತುಗಳೆಂದೇ ಹೆಸರಿಟ್ಟರು. ಬೆಳಕಿನಿಂದ ನಡೆಯುವ ಕ್ರಿಯೆ, ಅನಿಲ ಪತ್ತೆ, ಬ್ಯಾಟರಿ, ಮೂರರಲ್ಲೂ ಅವು ಸಾಧಾರಣ ಪದಾರ್ಥವನ್ನು ಮೀರಿಸಿದವು.

ಆದರೆ ಎಲ್ಲ ಕಡೆಯೂ ಕವಲು ಮರವನ್ನು ಅಚ್ಚು ತೆಗೆದು ಇಟ್ಟರೆ ಆಯಿತೇ? ಇಲ್ಲಿ ನನಗೆ ಹಿಡಿಸಿದ ಕೆಲಸ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಮಾರ್ಕ್-ಒಲಿವಿಯೇ ಕೊಪೆನ್ಸ್ ಅವರದು. ಪ್ರಕೃತಿಯಿಂದ ಕಲಿಯುವ ಎಂಜಿನಿಯರಿಂಗಿಗೆಂದೇ ಅಲ್ಲಿ ಒಂದು ಕೇಂದ್ರ ನಡೆಸುತ್ತಿದ್ದಾರೆ. ವೇಗವರ್ಧಕದ ಗುಳಿಗೆಯೊಳಗೆ ದೊಡ್ಡ ಓಣಿಗಳ ಅಗಲ ಹೇಗಿರಬೇಕು ಎಂದು ಅವರ ತಂಡ ಕಂಪ್ಯೂಟರಿನಲ್ಲಿ ಹುಡುಕಿತು. ಬಂದ ಉತ್ತರ ವಿಚಿತ್ರ. ಬಗೆಬಗೆಯ ಅಗಲದ ಕವಲುಮರ ಬೇಡವೇ ಬೇಡ. ದೊಡ್ಡ ಓಣಿಗಳೆಲ್ಲ ಹೆಚ್ಚುಕಡಿಮೆ ಒಂದೇ ಅಗಲ ಇದ್ದು, ಅವುಗಳ ನಡುವಿನ ಸೂಕ್ಷ್ಮ ರಂಧ್ರದ ಗೋಡೆ ಸಾಕಷ್ಟು ತೆಳುವಾಗಿದ್ದರೆ ಅಷ್ಟೇ ಫಲ. ಹಾಗಾದರೆ ಪ್ರಕೃತಿ ತಪ್ಪು ಮಾಡಿತೇ? ಹದಿನಾರನೇ ಕವಲಿನ ಆಚೆ ಶ್ವಾಸಕೋಶ ಏನು ಮಾಡುತ್ತದೆ ಎಂದು ಈಗ ತಾನೆ ಹೇಳಿದೆನಲ್ಲ. ವಿಸರಣೆಯ ರಾಜ್ಯ ಬಂದ ಮೇಲೆ ಅದೂ ಕೊಳವೆಯನ್ನು ಹೆಚ್ಚು ಕಿರಿದು ಮಾಡುವುದಿಲ್ಲ. ಗುಳಿಗೆಯ ಒಳಗೆ ಮೊದಲಿನಿಂದ ಕೊನೆಯವರೆಗೆ ವಿಸರಣೆಯದೇ ರಾಜ್ಯ. ಅಲ್ಲಿಗೆ ಶ್ವಾಸಕೋಶದ ಕೆಳಗಿನ ಏಳು ತಲೆಮಾರಿನ ಪಾಠ ಬೇಕು, ಮೇಲಿನ ಹದಿನಾರರದ್ದಲ್ಲ.

ಮೇಲಿನ ಪಾಠ ಬೇಕಾದ ಜಾಗವೂ ಇದೆ. ಹೈಡ್ರೋಜನ್ನಿನಿಂದ ವಿದ್ಯುತ್ ತೆಗೆಯುವ ಇಂಧನಕೋಶದಲ್ಲಿ ಅಗಲವಾದ ತಟ್ಟೆಯ ತುಂಬ ಆಮ್ಲಜನಕವನ್ನು ಸಮನಾಗಿ ಹಂಚಬೇಕು, ಅದೂ ಹರಿಸಿ. ಮಾಮೂಲಿನಲ್ಲಿ ಆ ತಟ್ಟೆಗೆ ಒಂದೇ ಕಾಲುವೆಯನ್ನು ಅತ್ತಿಂದಿತ್ತ ಬಳಸಿ ಕೊರೆದಿರುತ್ತಾರೆ. ಮೊದಲ ಸುತ್ತಿಗೆ ಸಮೃದ್ಧಿ, ಕೊನೆಯ ಸುತ್ತಿಗೆ ಬರ. 2018ರಲ್ಲಿ ಕೊಪೆನ್ಸ್ ತಂಡ ಇದರ ಬದಲು ಶ್ವಾಸಕೋಶದ ಕವಲನ್ನು 3ಡಿ ಮುದ್ರಣದಲ್ಲಿ ಮಾಡಿಸಿತು. ನಾಲ್ಕು ತಲೆಮಾರು ಕವಲೊಡೆದಾಗ, ತಕ್ಕ ತೇವವಿದ್ದಲ್ಲಿ, ಕೋಶದ ಬಲ ಸುಮಾರು 30% ಹೆಚ್ಚಿತು. ಇನ್ನೂ ಹೆಚ್ಚು ಕವಲೊಡೆದರೆ ಇನ್ನೂ ಒಳ್ಳೆಯದಾಗಬೇಕಲ್ಲವೇ? ಆಗಲಿಲ್ಲ. ಇಂಧನಕೋಶದಲ್ಲಿ ನೀರು ಹುಟ್ಟುತ್ತದೆ, ಅದು ಕೊನೆಯ ಸಣ್ಣ ದಾರಿಗಳಲ್ಲಿ ನಿಂತು ಕಟ್ಟಿಕೊಂಡಿತು. ನಮ್ಮ ಶ್ವಾಸಕೋಶದೊಳಗೆ ಈ ಪ್ರಮಾಣದಲ್ಲಿ ನೀರು ಹುಟ್ಟುವುದಿಲ್ಲ. ಅದಕ್ಕೆ 23 ಕವಲು ಸಲ್ಲುತ್ತದೆ. ಪ್ರಕೃತಿಯ ರೂಪವನ್ನು ನೋಡಿ ಮರುಳಾಗುವವರಿಗೆ ಇದಕ್ಕಿಂತ ಒಳ್ಳೆಯ ಎಚ್ಚರಿಕೆ ಸಿಗಲಿಕ್ಕಿಲ್ಲ. ಪತ್ರಿಕೆಗಳಲ್ಲಿ ‘ಎಲೆಯಂತೆ ಕಾಣುವ ಬ್ಯಾಟರಿ’ ಎಂಬ ಸುದ್ದಿ ಬಂದಾಗ ಅದು ಎಲೆಯಂತೆ ಕಾಣುತ್ತದೆಯೋ, ಎಲೆಯಂತೆ ಕೆಲಸ ಮಾಡುತ್ತದೆಯೋ ಎಂದು ಕೇಳಿ.

ಕೆರೆಯಲ್ಲಿ ಇನ್ನೊಬ್ಬ ಕುಶಲಕರ್ಮಿ ಇದ್ದಾನೆ. ನೀರಿನಂಚಿನ ಕಲ್ಲನ್ನು ಮುಟ್ಟಿದರೆ ಕಂದುಬಣ್ಣದ ಲೋಳೆ ಬೆರಳಿಗೆ ಹತ್ತುತ್ತದೆ. ಕಾಲು ಜಾರಿಸುವುದಕ್ಕೆ ಹೆಸರಾದ ಆ ಲೋಳೆಯಲ್ಲಿ ಬಹುಪಾಲು ಡಯಾಟಮ್‌ಗಳು, ಒಂದೇ ಜೀವಕೋಶದ ಪಾಚಿಗಳು. ಪ್ರತಿಯೊಂದೂ ತನ್ನ ಸುತ್ತ ಗಾಜಿನ, ಅಂದರೆ ಸಿಲಿಕಾದ, ಡಬ್ಬಿ ಕಟ್ಟಿಕೊಳ್ಳುತ್ತದೆ. ಡಬ್ಬಿಯ ಗೋಡೆಯಲ್ಲಿ ಸಾಲು ಹಿಡಿದು ಕೊರೆದ ತೂತುಗಳು; ಎಷ್ಟೋ ಜಾತಿಗಳಲ್ಲಿ ದೊಡ್ಡ ತೂತಿನೊಳಗೆ ಸಣ್ಣ ತೂತುಗಳ ಜಾಲರಿ. ನಾವು ಗಾಜು ಮಾಡಲು ಕುಲುಮೆ ಹೊತ್ತಿಸಬೇಕು, ಇದು ತಣ್ಣೀರಿನಲ್ಲಿ ಮಾಡಿ ಮುಗಿಸುತ್ತದೆ. ಸತ್ತ ಡಯಾಟಮ್‌ಗಳು ಯುಗಯುಗಗಳಿಂದ ಕೂಡಿದ ಮಣ್ಣನ್ನೇ ಆಲ್‌ಫ್ರೆಡ್ ನೊಬೆಲ್ ನೈಟ್ರೋಗ್ಲಿಸರಿನ್ ಹೀರಿಸಲು ಬಳಸಿದ್ದು. 1867ರ ಡೈನಮೈಟ್ ಅದು. ಬಹುಮಾನದ ದುಡ್ಡಿನ ಮೂಲದಲ್ಲೂ ಒಂದು ಸರಂಧ್ರ ವಸ್ತು ಇದೆ.

ಈ ಪಾಚಿಗಳನ್ನು ನಮ್ಮ ಮಲೆನಾಡಿನಲ್ಲಿ ಕೂತು ನೋಡಿದವರು ಎಚ್. ಪಿ. ಗಾಂಧಿ ಎಂಬ ಸಸ್ಯವಿಜ್ಞಾನಿ. 1950ರ ದಶಕದಿಂದ ಸಾಗರ, ಹಿರೇಭಾಸ್ಕರ ಅಣೆಕಟ್ಟು, ಜೋಗದ ಸುತ್ತಮುತ್ತಲಿನ ನೀರನ್ನು ಸೋಸಿ, ಒಂದೊಂದು ಡಯಾಟಮ್ಮಿನ ಗೆರೆಯನ್ನೂ ಎಣಿಸಿ ಚಿತ್ರ ಬರೆದು ಪ್ರಕಟಿಸಿದರು. ಬಹಳ ಕಾಲ ಆ ಕೆಲಸವನ್ನು ಕೇಳುವವರಿರಲಿಲ್ಲ. 2009ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ, ದುರ್ಗಾ ಮಾಧವ ಮಹಾಪಾತ್ರ, ಬಿ. ಕಾರ್ತಿಕ್ ಅವರು ಕೆನಡಾದ ರಿಚರ್ಡ್ ಗಾರ್ಡನ್ ಜೊತೆ ಸೇರಿ ಡಯಾಟಮ್‌ಗಳನ್ನು ಕೊಲ್ಲದೆ, ಹಸುವಿನ ಹಾಲು ಕರೆದ ಹಾಗೆ ಎಣ್ಣೆ ಕರೆಯಬಹುದೇ ಎಂದು ಬರೆದರು. ಅದು ಅಚ್ಚಾದದ್ದು ರಾಸಾಯನಿಕ ಎಂಜಿನಿಯರಿಂಗ್ ಪತ್ರಿಕೆಯಲ್ಲಿ ಎಂಬುದನ್ನು ಗಮನಿಸಿ. ಎಣ್ಣೆ ಇನ್ನೂ ಡಬ್ಬಕ್ಕೆ ಬಂದಿಲ್ಲ, ವಿಚಾರ ಮಾತ್ರ ಜೀವಂತವಾಗಿದೆ.

ಈಗ ಊರಿನ ಶುದ್ಧ ಕುಡಿಯುವ ನೀರಿನ ಘಟಕಕ್ಕೆ ಬರೋಣ, ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುತ್ತೀರಲ್ಲ, ಅಲ್ಲಿಗೆ. ಒಳಗೆ ಎತ್ತರದ ಎರಡು ಸಿಲಿಂಡರುಗಳಿರುತ್ತವೆ. ಒಂದರಲ್ಲಿ ಮರಳು, ಇನ್ನೊಂದರಲ್ಲಿ ಆಕ್ಟಿವೇಟೆಡ್ ಕಾರ್ಬನ್, ಎಷ್ಟೋ ಕಡೆ ಕರಟದ್ದೇ. ಆಮೇಲೆ ಆರ್‌ಒ ಪೊರೆ. ಬಯಲುಸೀಮೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಇದೆ; ಅದನ್ನು ತೆಗೆಯುವುದು ಕಾರ್ಬನ್ನಿನ ಕೈಲಾಗದು. ಉಪ್ಪು, ಗಡಸು, ಫ್ಲೋರೈಡ್ ಪೊರೆಯ ಪಾಲು. ವಾಸನೆ, ಕ್ಲೋರಿನ್, ಸಾವಯವ ಕಲ್ಮಶ ಕಾರ್ಬನ್ನಿನ ಪಾಲು. ಈ ಪೊರೆಯ ಗುಟ್ಟನ್ನು 1960ರ ಸುಮಾರಿಗೆ ಕ್ಯಾಲಿಫೋರ್ನಿಯಾದಲ್ಲಿ ಕಂಡುಕೊಂಡವರು ಸಿಡ್ನಿ ಲೋಬ್ ಮತ್ತು ನಮ್ಮ ದೇಶದಿಂದ ಹೋಗಿದ್ದ ಶ್ರೀನಿವಾಸ ಸೌರಿರಾಜನ್. ಅವರಿಗಿಂತ ಮುಂಚಿನ ಪೊರೆಗಳು ಉಪ್ಪನ್ನು ತಡೆಯುತ್ತಿದ್ದವು, ಆದರೆ ನೀರು ತೊಟ್ಟಿಕ್ಕುತ್ತಿತ್ತು. ಇವರು ಮೇಲೆ ಅತಿ ತೆಳುವಾದ ಬಿಗಿಚರ್ಮ, ಕೆಳಗೆ ಅಗಲ ರಂಧ್ರಗಳ ಆಸರೆ ಇರುವ ಪೊರೆ ಮಾಡಿದರು. ಇಕ್ಕಟ್ಟಿನ ದಾರಿ ಆದಷ್ಟು ಗಿಡ್ಡ, ಆಮೇಲೆ ಹೆದ್ದಾರಿ. ಜೀವಕೋಶ ಈ ಲೆಕ್ಕವನ್ನು ಇನ್ನೂ ಮುಂದಕ್ಕೆ ಒಯ್ದಿದೆ: ಪೀಟರ್ ಆಗ್ರೆ ಪತ್ತೆ ಮಾಡಿ 2003ರಲ್ಲಿ ನೊಬೆಲ್ ಪಡೆದ ಅಕ್ವಪೋರಿನ್ ಎಂಬ ಪ್ರೋಟೀನಿನ ತೂಬಿನಲ್ಲಿ ನೀರಿನ ಕಣಗಳು ಒಂದರ ಹಿಂದೆ ಒಂದು ಸಾಲಾಗಿ, ಸೆಕೆಂಡಿಗೆ ಸುಮಾರು 300 ಕೋಟಿ, ದಾಟುತ್ತವೆ. ಉಪ್ಪಿಗೆ ಪ್ರವೇಶವಿಲ್ಲ.

ಘಟಕದ ಕಾರ್ಬನ್ ಒಳ್ಳೆಯದೋ ಎಂದು ಕೇಳಿದರೆ ಮಾರುವವರು ಅಯೋಡಿನ್ ನಂಬರ್ ಹೇಳುತ್ತಾರೆ. 900, 1000 ಎಂಬ ಅಂಕಿ. ಒಂದು ಗ್ರಾಂ ಕಾರ್ಬನ್ ಎಷ್ಟು ಮಿಲಿಗ್ರಾಂ ಅಯೋಡಿನ್ ಹಿಡಿಯುತ್ತದೆ ಎಂಬುದರ ಅಳತೆ ಅದು, ಹೆಚ್ಚಿದ್ದಷ್ಟೂ ಗುಂಟೆ ಹೆಚ್ಚು. ಆದರೆ ಆ ಪರೀಕ್ಷೆಗೆ ಕಾರ್ಬನ್ನನ್ನು ಮೊದಲು ನುಣ್ಣಗೆ ಪುಡಿ ಮಾಡಿಕೊಳ್ಳುತ್ತಾರೆ. ಪುಡಿಯಾದ ಮೇಲೆ ದೂರವೇ ಇಲ್ಲ, ಕಾಲುವೆಯ ಪ್ರಶ್ನೆ ಏಳುವುದೇ ಇಲ್ಲ. ನಿಮ್ಮ ಸಿಲಿಂಡರಿನಲ್ಲಿರುವುದು ಪುಡಿಯಲ್ಲ, ಹುರುಳಿಕಾಳಿನಷ್ಟೋ ರಾಗಿಕಾಳಿನಷ್ಟೋ ದಪ್ಪದ ಹರಳು. ಅದರ ನಡುವಿಗೆ ಕಲ್ಮಶ ಮುಟ್ಟಲು ಹೊತ್ತು ಬೇಕು. ಕ್ಯಾನಿನ ಸಾಲು ಉದ್ದವಾಯಿತೆಂದು ಪಂಪಿನ ಓಟ ಹೆಚ್ಚಿಸಿದರೆ ನೀರು ಹರಳುಗಳ ಹೊರಮೈಯನ್ನು ಸವರಿಕೊಂಡು ಹೊರಟುಹೋಗುತ್ತದೆ. ಒಳಗಿನ ಎಕರೆಗಟ್ಟಲೆ ನೆಲ ಬೀಳು. ಆದ್ದರಿಂದ ಗ್ರಾಮಸಭೆಯಲ್ಲಿ ಘಟಕದ ನಿರ್ವಹಣೆಯ ಮಾತು ಬಂದಾಗ ಕಾರ್ಬನ್ ಯಾವಾಗ ಬದಲಾಯಿಸಿದ್ದು, ಅದರ ಅಯೋಡಿನ್ ನಂಬರ್ ಎಷ್ಟು ಎಂಬೆರಡರ ಜೊತೆಗೆ ಮೂರನೆಯದನ್ನೂ ಕೇಳಿ: ಒಂದು ಕೊಡ ನೀರು ಆ ಸಿಲಿಂಡರಿನೊಳಗೆ ಎಷ್ಟು ನಿಮಿಷ ಇರುತ್ತದೆ?